ಅಂಟಿಸಿಬಿಟ್ಟಿದ್ದ ಹೊಟ್ಟೆ

ಸೀವುಡ್ಸ್‌ನಲ್ಲಿರುವ ತಂಗಿಯ ಮಗಳು ಒಂದು ಭಾನುವಾರ ಬೆಳಿಗ್ಗೆ ಡೊಂಬಿವಲಿಯ ನಮ್ಮ ಮನೆಗೆ ಸಿಹಿತಿಂಡಿಯ ಡಬ್ಬಿ ಹಿಡಿದು ಬಂದಳು. ಹೆಂಡತಿ ಖುಷಿಯಿಂದ ಮುಚ್ಚಳ ತೆಗೆದಳು. ಒಳಗೆ ಥರ್ಮೊಕೋಲ್‌ಗೆ ಚುಚ್ಚಿದ ಸಣ್ಣ ಕಾರ್ಡುಗಳ ಮೇಲೆ ಮೂರು ಕಪ್ಪು ತಿಗಣೆಗಳು. ಅದು ಚಪ್ಪಲಿಯ ಡಬ್ಬಿಯಾಗಿತ್ತು ಎಂದು ಹೆಂಡತಿ ಈಗ ವಾದಿಸುತ್ತಾಳೆ. ಹಾಗಿದ್ದರೆ ಅಷ್ಟು ಖುಷಿಯಿಂದ ಏಕೆ ತೆರೆದಳೋ!

ಅವು ಹಾಸಿಗೆಯ ತಿಗಣೆಗಳಲ್ಲ. ಮಣ್ಣು ತೋಡಿಕೊಂಡು ಹೋಗಿ ಬೇರಿನ ರಸ ಹೀರುವ ಜಾತಿ. ಮಳೆ ಶುರುವಾದಾಗ ದೀಪಕ್ಕೆ ಬಂದು ಬೀಳುತ್ತವೆ. ಹುಡುಗಿ ತಮ್ಮ ಹೌಸಿಂಗ್ ಸೊಸೈಟಿಯ ಗೇಟಿನ ದೀಪದಡಿ ಹಿಡಿದಿದ್ದಳು. ಅವಳದು ಪ್ರಾಣಿಶಾಸ್ತ್ರದ ಎಂ.ಎಸ್ಸಿ. ಮರುದಿನ ಕೀಟಗಳ ಪೆಟ್ಟಿಗೆಯನ್ನು ಕಾಲೇಜಿಗೆ ಒಪ್ಪಿಸಬೇಕಿತ್ತು. "ನಮ್ಮ ಮಾಮಾ ಇದನ್ನೇ ಓದಿದವರು" ಎಂದು ಮೇಡಮ್ ಮುಂದೆ ಜಂಬ ಕೊಚ್ಚಿದ್ದರಿಂದ, ಅವಳೊಬ್ಬಳು ಮಾತ್ರ ಉಪಪ್ರಭೇದವನ್ನೂ ಬರೆಯಬೇಕೆಂದು ಅಪ್ಪಣೆಯಾಗಿತ್ತು. ತಪ್ಪಾದರೆ ಪೆಟ್ಟಿಗೆ ವಾಪಸ್. ಮಳೆಗಾಲ ಮುಗಿದಿತ್ತು, ಬೇರೆ ತಿಗಣೆ ಸಿಗುವಂತಿರಲಿಲ್ಲ.

ಉಪಪ್ರಭೇದಗಳು ಎರಡು: ಬಯಲುಸೀಮೆಯದು, ಕರಾವಳಿಯದು. ಧಾರವಾಡದಲ್ಲಿ ಓದುವಾಗ ಶೇಂಗಾ ಹೊಲಗಳಲ್ಲಿ ಇವನ್ನೇ ಹೆಕ್ಕಿದವನು ನಾನು. ಆಮೇಲಿನ ಬದುಕೆಲ್ಲ ಬ್ಯಾಂಕಿನಲ್ಲಿ ಕಳೆಯಿತಾದರೂ, ಗುರುತು ಮಾತ್ರ ನಾಲಿಗೆಯ ತುದಿಯಲ್ಲೇ ಇತ್ತು.

"ತಲಿ ಅಂಚಿನ ಕೂದಲಾ ಎಣಸು. ಬದಿಗೆ ಆರಿದ್ರ ಬಯಲುಸೀಮಿದು, ನಾಕಿದ್ರ ಕರಾವಳಿದು."

ಅವಳು ಭೂತಗನ್ನಡಿ ಹಿಡಿದು ಎಣಿಸಿದಳು. ಮೊದಲನೆಯದಕ್ಕೆ ಎಡಕ್ಕೆ ಐದು, ಬಲಕ್ಕೆ ಎರಡು. ಎರಡನೆಯದಕ್ಕೆ ಬದಿಗೆ ಮೂರು.

"ಮಾಮಾ, ಮೂರನೇದು ತೋ ಪೂರಾ ಟಕಲಾ ಹೈ, ಒಂದೂ ಕೂದಲಾ ಇಲ್ಲ. ನಿಮ್ಮ ಹಂಗ."

ಅಡುಗೆಮನೆಯಿಂದ ಹೆಂಡತಿಯ ನಗು ಕೇಳಿಸಿತು.

"ಕೂದಲಾನೇ ನೋಡಬೇಕು, ನಕ್ಕೀ ನಾ?" ಎಂದು ಹುಡುಗಿ ಖಾತ್ರಿ ಕೇಳಿದಳು. ಯಾರು ಏನು ಹೇಳಿದರೂ ಆಧಾರ ಕೇಳುವವನು ನಾನು. ನನ್ನ ಬಳಿಯೇ ಆಧಾರವಿರಲಿಲ್ಲ. ಹಾಲಿನಿಂದ ಬಾಲ್ಕನಿಗೆ, ಬಾಲ್ಕನಿಯಿಂದ ಹಾಲಿಗೆ ನಾಲ್ಕು ಸಲ ಓಡಾಡಿದೆ. ಕೊನೆಗೆ ಸ್ಟೂಲ್ ಹತ್ತಿ, ಬಾತ್‌ರೂಮಿನ ಮೇಲಿನ ಅಟ್ಟದಿಂದ ವಿದ್ಯಾರ್ಥಿ ದಿನಗಳ ನೋಟ್‌ಪುಸ್ತಕ ಇಳಿಸಿದೆ.

ತಿಗಣೆಯ ಪುಟದಲ್ಲಿ ನನ್ನದೇ ಅಕ್ಷರ, ಕೆಳಗೆ ಎರಡು ಗೆರೆ: "ಕೂದಲು ನಂಬಬಾರದು. ಮಣ್ಣು ತೋಡುವಾಗ ಮುರಿಯುತ್ತವೆ. ಹೊಟ್ಟೆಯ ಕಡೆ ನೋಡಬೇಕು." ಪಕ್ಕದಲ್ಲಿ ಚಿತ್ರ. ನಡುಗಾಲು ಹಿಂಗಾಲುಗಳ ನಡುವೆ, ನಾತದ ದ್ರವ ಹೊರಬರುವ ಸಣ್ಣ ರಂಧ್ರ. ಅದರಿಂದ ಹೊರಟ ಒಂದು ತೋಡು. ಬಯಲುಸೀಮೆಯದರಲ್ಲಿ ತೋಡಿನ ತುದಿ ಕೊಕ್ಕೆಯಂತೆ, ಕರಾವಳಿಯದರಲ್ಲಿ ಕಿವಿಯಂತೆ ದುಂಡಗೆ. ಇಷ್ಟು ವರ್ಷ ನಾನು ಕಾಪಾಡಿಕೊಂಡು ಬಂದದ್ದು ಕೂದಲನ್ನು. ಬಿಟ್ಟುಬಂದದ್ದು "ನಂಬಬಾರದು" ಎಂಬುದನ್ನು.

"ಹಂಗಾರ ತಿರಿವಿ ನೋಡು" ಎಂದೆ.

ಹುಡುಗಿಯ ಮುಖ ಸಣ್ಣದಾಯಿತು. "ನೀವs ಫೋನಿನ್ಯಾಗ ಹೇಳಿದ್ರಿ, ಹೊಟ್ಟಿ ಕೆಳಗ ಮಾಡಿ, ಗೋಂದು ಹಚ್ಚಿ ಕಾರ್ಡಿಗೆ ಚಿಪ್ಕಾ ದೋ ಅಂತ. ಕೂದಲಾ ಕಾಣಬೇಕಲ್ಲಾ ಅಂತ!"

ಹೇಳಿದ್ದು ನನಗೆ ನೆನಪಿರಲಿಲ್ಲ. ಆದರೆ ನಾನು ಹೇಳುವ ಹಾಗೆಯೇ ಇತ್ತು.

ಮೂರೂ ಒಣಗಿ ಗರಿಗರಿಯಾಗಿದ್ದವು. ಎಳೆದರೆ ಪುಡಿ. ಹಬೆ ಕೊಟ್ಟರೆ ಕಾಲುಗಳೂ ಗೋಂದೂ ಮೆತ್ತಗಾಗುತ್ತವೆ ಎಂಬುದನ್ನು, ಈ ಸಲ ಜಾಗ್ರತೆಯಿಂದ, ಪುಸ್ತಕ ನೋಡಿಯೇ ಹೇಳಿದೆ.

"ನನ್ನ ಇಡ್ಲಿ ಪಾತ್ರಿ ಮುಟ್ಟಿದ್ರ ನೋಡ್ರಿ ಮತ್ತ!" ಎಂದು ಹೆಂಡತಿ ಗದರಿದಳು. ಹುಡುಗಿ ಅವಳ ಕೊರಳಿಗೆ ಜೋತುಬಿದ್ದಳು. "ಮಾಮಿ, ಪ್ಲೀಸ್. ನಾಳೆ ಕೊಡಬೇಕು."

ಐದು ನಿಮಿಷದಲ್ಲಿ ಪಾತ್ರೆ ಒಲೆಯ ಮೇಲಿತ್ತು, ತಟ್ಟೆಯ ಮೂರು ಗುಳಿಗಳಲ್ಲಿ ಕಾರ್ಡಿನ ಸಮೇತ ಮೂರು ತಿಗಣೆ. ಇಳಿಸಿದ ಮೇಲೆ, ನಾನು ಕೈಹಾಕುವ ಮೊದಲೇ ಹೆಂಡತಿಯೇ ಹುಬ್ಬು ಕೀಳುವ ಚಿಮಟ ತಂದು, ಉಸಿರು ಬಿಗಿಹಿಡಿದು ಒಂದೊಂದನ್ನೇ ಅಂಗಾತ ಮಲಗಿಸಿದಳು. ಹುಡುಗಿ ಗೋಂದು ಒರೆಸಿ, ಭೂತಗನ್ನಡಿಗೆ ಕಣ್ಣಿಟ್ಟು ಮೂರನ್ನೂ ಒಂದೊಂದಾಗಿ ನೋಡಿದಳು.

"ಕಿವಿ," ಎಂದಳು. "ಮಾಮಾ, ಮೂರಕ್ಕೂ ಕಿವಿ!"

ನಾನೂ ನೋಡಿದೆ. ಚಿತ್ರದಲ್ಲಿದ್ದಂಥದೇ ದುಂಡು ತುದಿ. ಕರಾವಳಿಯದು.

"ಗುರುತಿಸಿದವರು ಅಂತ ನಿಮ್ಮ ಹೆಸರು ಹಾಕ್ಲಿ?" ಎಂದು ಕೇಳಿದಳು.

"ಬ್ಯಾಡ. ಮೊದಲು ಕಂಡಾಕಿ ನೀನು." ನೋಟ್‌ಪುಸ್ತಕವನ್ನೂ ಅವಳ ಚೀಲಕ್ಕೆ ಹಾಕಿದೆ. ನನ್ನ ತಲೆಗಿಂತ ಅಲ್ಲಿ ಭದ್ರ.

ಸೋಮವಾರ ಸಂಜೆ ಲೋಕಲ್ ರೈಲಿನ ಗದ್ದಲದ ನಡುವಿನಿಂದ ಅವಳ ಫೋನು ಬಂತು. ಸ್ಪೀಕರಿಗೆ ಹಾಕಿದೆ. "ಪೆಟ್ಟಿಗಿ ತೊಗೊಂಡ್ರು, ಮಾಮಾ! ಒಂದs ಕೇಳಿದ್ರು ಮೇಡಮ್, ಎರಡನೇದರ ಹಿಂಗಾಲು ಎಲ್ಲಿ ಹೋತು ಅಂತ."

ಅಡುಗೆಮನೆಯಲ್ಲಿ ಇಡ್ಲಿ ಪಾತ್ರೆ ಉಜ್ಜುವ ಸದ್ದು ತಟ್ಟನೆ ನಿಂತಿತು.