ಕಳ್ಳ ಬೇನೆಗೆ ನಾನೇ ಮಾಸ್ತರ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ಬೇನೆಯ ನಾಟಕ ಆಡುವುದು ಹೇಗೆಂದು ಆ ಮನುಷ್ಯನಿಗೆ ಕಲಿಸಿದವನು ನಾನೇ. ಅವನೇನೂ ಗಂಟುಬಿದ್ದು ಕೇಳಿರಲಿಲ್ಲ. ನಾನೇ ನೆಲದ ಮೇಲೆ ಉರುಳಾಡಿ, ಎದ್ದು, ಸೊಂಟ ಹಿಡಿದುಕೊಂಡು ಗೋಡೆಗೆ ಹಣೆ ಹಚ್ಚಿ ತೋರಿಸಿದೆ. ಮೇಲೆ ತಿದ್ದಿದೆ ಬೇರೆ. “ಹಂಗಲ್ಲ ಅಣ್ಣಾ, ಕೈ ಹೊಟ್ಟಿ ಮ್ಯಾಲ ಅಲ್ಲ, ಹಿಂದ ಸೊಂಟಕ್ಕ ಬರಬೇಕು.” ಇಷ್ಟು ಶ್ರದ್ಧೆಯಿಂದ ನನಗೆ ನರ್ಸಿಂಗ್ ಕಾಲೇಜಿನಲ್ಲಿಯೂ ಯಾರೂ ಕಲಿಸಿರಲಿಲ್ಲ.

ನಾನು ನಮ್ಮ ಕಡೆಯ ಒಂದು ಸಣ್ಣ ಜೈಲಿನಲ್ಲಿ ಗುತ್ತಿಗೆಯ ನರ್ಸ್. ಗಂಡಸು ನರ್ಸ್ ಎಂದರೆ ದೇಗಾಂವದ ನಮ್ಮ ಓಣಿಯಲ್ಲಿ ಇನ್ನೂ ನಗುತ್ತಾರೆ. ಅದಕ್ಕೆಂದು ನಮ್ಮವ್ವ, ಯಾರು ಕೇಳಿದರೂ “ನಮ್ಮ ಹುಡುಗ ಜೈಲಿನ್ಯಾಗ ಅದಾನ್ರಿ” ಎಂದಷ್ಟೇ ಹೇಳಿ, ಕನ್ಯೆ ತೋರಿಸಲು ಬಂದವರನ್ನು ಅಂಗಳದಿಂದಲೇ ತಿರುಗಿ ಕಳಿಸುತ್ತಾಳೆ.

ಡಾಕ್ಟರು ವಾರಕ್ಕೆ ಎರಡು ಸಲ ಬರುತ್ತಾರೆ. ಉಳಿದ ದಿನ ಬಿಪಿ ನೋಡುವುದು, ಗಾಯ ತೊಳೆದು ಪಟ್ಟಿ ಕಟ್ಟುವುದು, ಗುಳಿಗೆಯನ್ನು ಎದುರಿಗೇ ನುಂಗಿಸಿ ನಾಲಿಗೆ ಎತ್ತಿಸಿ ನೋಡುವುದು ನನ್ನ ಕೆಲಸ. ಇದೆಲ್ಲದಕ್ಕಿಂತ ದೊಡ್ಡದೊಂದಿತ್ತು. ಡಾಕ್ಟರಿಲ್ಲದ ದಿನ ಯಾರಿಗಾದರೂ ಬೇನೆ ಬಂದರೆ ಅದು ಖರೆಯೋ ಕಳ್ಳ ಬೇನೆಯೋ ಎಂದು ಜೈಲರ್ ಸಾಹೇಬರಿಗೆ ಹೇಳಬೇಕಾದವನು ನಾನು. “ಕಳಸ್ರಿ ಸರ್” ಎಂದರೆ ಗೇಟು ತೆರೆದು ಸರಕಾರಿ ದವಾಖಾನೆಗೆ ಜೀಪು ಹೊರಡುತ್ತಿತ್ತು. ಅನ್ನದಿದ್ದರೆ ಇಲ್ಲ. ವಯಸ್ಸು ಸಣ್ಣದು, ಮೀಸೆ ಅದಕ್ಕಿಂತ ಸಣ್ಣದು, ಆದರೂ ಅಷ್ಟು ಎತ್ತರದ ಗೇಟು ನನ್ನ ಮಾತು ಕೇಳುತ್ತಿತ್ತು.

ದವಾಖಾನೆಯೆಂದರೆ ಒಳಗಿದ್ದವರಿಗೆ ಸಣ್ಣದೊಂದು ಬಿಡುಗಡೆ. ಅಲ್ಲಿನ ಕಟ್ಟೆಯ ಮೇಲೆ ಹೆಂಡತಿ ಮಕ್ಕಳನ್ನು ಜಾಳಿಗೆಯ ಅಡ್ಡವಿಲ್ಲದೆ ನೋಡಬಹುದು. ಹಾಗಾಗಿ ನಮ್ಮಲ್ಲಿ ಕಳ್ಳ ಬೇನೆಗೆ ಬರಗಾಲವಿಲ್ಲ. ಒಬ್ಬ ಎದೆನೋವೆಂದು ಬಲಗಡೆ ಹಿಡಿದುಕೊಳ್ಳುತ್ತಿದ್ದ. ಇನ್ನೊಬ್ಬ ಮೂರ್ಛೆ ಬೀಳುವ ಮುಂಚೆ ಒಗೆದ ಅಂಗಿ ಮಣ್ಣಾಗದಂತೆ ಜಾಗ ನೋಡಿಕೊಳ್ಳುತ್ತಿದ್ದ. ನಾನು ಇವರನ್ನೆಲ್ಲ ಹಿಡಿಯುತ್ತಿದ್ದೆ, ಹಿಡಿದ ಮೇಲೆ ಅಂಗಳದಲ್ಲಿ ನಿಂತು ಒಬ್ಬೊಬ್ಬರ ನಕಲು ಮಾಡುತ್ತಿದ್ದೆ. ಜೊತೆಗೆ ಜೈಲರ್ ಸಾಹೇಬರ ಕೆಮ್ಮು, ಎಂ.ಕೆ. ಹುಬ್ಬಳ್ಳಿ ಏರಿನಲ್ಲಿ ಕಬ್ಬು ಹೇರಿಕೊಂಡು ಏದುಸಿರು ಬಿಡುವ ಟ್ರ್ಯಾಕ್ಟರು, ಕಡೆಗೆ ರಕ್ತ ಕಂಡರೆ ಕಣ್ಣು ಮುಚ್ಚುತ್ತಿದ್ದ ನನ್ನದೇ ಕಾಲೇಜು ದಿನಗಳು. ಬ್ಯಾರಕ್ಕೆಲ್ಲ ಬಿದ್ದು ಬಿದ್ದು ನಗುತ್ತಿತ್ತು.

ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವನು ಸಾಲಹಳ್ಳಿ ಕಡೆಯ ಒಬ್ಬ ಅಣ್ಣ. ಹೊಲದ ಬದುವಿನ ಜಗಳದಲ್ಲಿ ಸಲಿಕೆ ಬೀಸಿ ಒಳಗೆ ಬಂದವನು; ಕೇಸು ಇನ್ನೂ ನಡೆದಿತ್ತು. ನನ್ನ ಔಷಧದ ಕೋಣೆ ಕಸ ಹೊಡೆದು ಒರೆಸುವ ಕೆಲಸ ಅವನದು. ಒಂದು ಗುಳಿಗೆ ಕೇಳಿದವನಲ್ಲ. ಮಧ್ಯಾಹ್ನ ನನ್ನ ಬುತ್ತಿಯ ರೊಟ್ಟಿಯಲ್ಲಿ ಅರ್ಧ ಅವನಿಗೆ. ಜೈಲಿನಲ್ಲಿ ಗೆಳೆಯರನ್ನು ಮಾಡಿಕೊಳ್ಳಬೇಡ ಎಂದು ಹವಾಲ್ದಾರ ಹೇಳಿದಾಗ ಹವಾಲ್ದಾರನ ನಕಲನ್ನೂ ಇವನಿಗೇ ಮಾಡಿ ತೋರಿಸಿದ್ದೆ.

ಒಂದು ದಿನ ಅವನು ನೆಲ ಒರೆಸುತ್ತ ಕೇಳಿದ. “ಕಳ್ಳ ಬ್ಯಾನಿ ಭಾಳ ನೋಡಿದ್ವಿರಿ ಸಾಹೇಬ್ರ. ಖರೇ ಬ್ಯಾನಿ ಹೆಂಗ ಇರತೈತಿ?”

ಖರೆ ಬೇನೆ ನಮ್ಮಲ್ಲಿದ್ದದ್ದು ಕಾಕಾನಿಗೆ. ಸವದತ್ತಿ ಕಡೆಯ ಮುದುಕ. ಎಲ್ಲರ ಬಾಯಲ್ಲೂ ಕಾಕಾ. ಕಿಡ್ನಿಯಲ್ಲಿ ಹರಳಾಗಿ ಆಗಾಗ ಸೊಂಟದಿಂದ ತೊಡೆಸಂದಿಗೆ ಚಳಕು ಹೊಡೆಯುತ್ತಿತ್ತು. ಬಂತೆಂದರೆ ಮಲಗಲಾರ, ಕೂಡಲಾರ. ನಾನು ತಕ್ಷಣ “ಕಳಸ್ರಿ ಸರ್” ಎನ್ನುತ್ತಿದ್ದೆ. ದವಾಖಾನೆಯ ಇಂಜೆಕ್ಷನ್ ಬೀಳುವವರೆಗೆ ಅವನ ಜೀವದಲ್ಲಿ ಜೀವವಿರುತ್ತಿರಲಿಲ್ಲ.

ಆ ಕಾಕಾನನ್ನು ನಾನು ಅಂದು ಪೂರ್ತಿ ಮಾಡಿ ತೋರಿಸಿದೆ. ಹಲ್ಲು ಕಚ್ಚುವುದು, ಕುಕ್ಕರುಗಾಲಲ್ಲಿ ಕೂತು ಮತ್ತೆ ಏಳುವುದು, ಓಕರಿಕೆ. ಅವನು ಒರೆಸುವ ಬಟ್ಟೆ ಕೈಬಿಟ್ಟು ನಕ್ಕ, ತಾನೂ ಒಂದು ಸಲ ಮಾಡಿ ನೋಡಿದ, ನಾನು ತಿದ್ದಿದೆ. “ಎಲ್ಲಾ ಮಾಡಬಹುದು ಅಣ್ಣಾ, ಬೆವರು ಮಾಡಾಕ ಬರೂದಿಲ್ಲ,” ಎಂದು ಪಾಠ ಮುಗಿಸಿದೆ.

ಮುಂದಿನ ವಾರ ಡಾಕ್ಟರಿಲ್ಲದ ಒಂದು ಮುಂಜಾನೆ ಹವಾಲ್ದಾರ ಓಡಿ ಬಂದ. ಸಾಲಹಳ್ಳಿ ಅಣ್ಣ ಬ್ಯಾರಕ್ಕಿನ ಮೂಲೆಯಲ್ಲಿ ಉರುಳಾಡುತ್ತಿದ್ದ. ವಾಂತಿಯಾಗಿತ್ತು. ಮೈಯೆಲ್ಲ ಬೆವರು, ನಾಡಿ ಕುದುರೆಯಂತೆ ಓಡುತ್ತಿತ್ತು. ಅವನ ತಲೆ ನನ್ನ ತೊಡೆಯ ಮೇಲಿಟ್ಟುಕೊಂಡು ಏನೇನೋ ಸಮಾಧಾನ ಹೇಳಿದೆ. ಜೈಲರ್ ಸಾಹೇಬರು ಬಾಗಿಲಲ್ಲಿ ನಿಂತು ಕೇಳಿದರು, “ಖರೇನೇನೋ?”

“ಖರೇ ಐತ್ರಿ ಸರ್. ನನ್ನ ಮಾತಿನ ಮ್ಯಾಲ ಕಳಸ್ರಿ.”

ಜೀಪು ಸಂಜೆ ತಿರುಗಿ ಬಂತು. ಜೊತೆಗೆ ಹೋಗಿದ್ದ ಪೊಲೀಸಪ್ಪ ಎಲ್ಲರೆದುರು ಹೇಳಿದ. “ಸ್ಕ್ಯಾನಿಂಗ್ ಮಾಡಿದ್ರು. ಕಿಡ್ನ್ಯಾಗ ಹಳ್ಳೂ ಇಲ್ಲ, ಸುಡಗಾಡೂ ಇಲ್ಲ. ನಾವು ಮುಟ್ಟೂದ್ರಾಗ ಇವನ ಹೇಂತಿ ಕಟ್ಟಿ ಮ್ಯಾಲ ಬುತ್ತಿ ಬಿಚ್ಚಿಟಗೊಂಡು ಕುಂತಿದ್ಳು. ಎಣ್ಣಿಗಾಯಿ ಪಲ್ಯಾ, ಶೇಂಗಾ ಹೋಳಿಗಿ. ಏನಪಾ ಕಂಪೌಂಡರ್, ಆಕಿಗೆ ಸಾಲಹಳ್ಳಿಂದನ ಬ್ಯಾನಿ ವಾಸನಿ ಬಡೀತೇನು?”

ಎರಡು ದಿನದ ಹಿಂದೆ ಜಾಮೀನಿನ ಮೇಲೆ ಹೊರಹೋದ ಒಬ್ಬನ ಕೈಯಲ್ಲಿ ಸುದ್ದಿ ಹೋಗಿತ್ತಂತೆ, ಇಂಥ ದಿನ ಬೇನೆ ಬರುವುದೆಂದು.

ಮರುದಿನ ಗುಳಿಗೆಯ ತಟ್ಟೆ ಹಿಡಿದು ಬ್ಯಾರಕ್ಕಿನ ಕಡೆ ಹೊರಟವನಿಗೆ ಗೋಡೆಯಾಚೆ ನನ್ನದೇ ದನಿ ಕೇಳಿತು. “ಅಣ್ಣಾ, ಕಣ್ಣ ತಗೀ ಅಣ್ಣಾ, ಏನೂ ಆಗೂದಿಲ್ಲ, ನಾ ಅದೇನಿ.” ಕಡೆಯ ‘ನಾ ಅದೇನಿ’ಯಲ್ಲಿ ನನ್ನ ದನಿ ಒಡೆದದ್ದನ್ನೂ ಸಾಲಹಳ್ಳಿ ಅಣ್ಣ ಬಿಟ್ಟಿರಲಿಲ್ಲ. ಕಸುಬುದಾರನಾಗಿ ಹೇಳುತ್ತೇನೆ, ನಕಲು ಸೊಗಸಾಗಿತ್ತು. ನಗುವಿನ ನಡುವೆ ಉಳಿದದ್ದೂ ಕಿವಿಗೆ ಬಿತ್ತು: ಉಪ್ಪುನೀರು ಕುಡಿಸಿ ವಾಂತಿ ಮಾಡಿಸಿದವನೊಬ್ಬ, ಸಂಡಾಸಿನೊಳಗೆ ಅವನು ಬಸ್ಕಿ ಹೊಡೆದು ಬೆವರು ಬರಿಸುವಾಗ ಬಾಗಿಲು ಕಾಯ್ದವನು ಇನ್ನೊಬ್ಬ. ನನ್ನನ್ನು ದಿನಾ ‘ತಮ್ಮಾ’ ಎಂದು ಕರೆಯುತ್ತಿದ್ದ ಬಾಯಿಗಳೇ ಎಲ್ಲ. ಹವಾಲ್ದಾರನೂ ಬಾಗಿಲಿಗೆ ಒರಗಿ ನಗುತ್ತಿದ್ದ. ಊರವರದೆಲ್ಲ ನಕಲು ಮಾಡಿದವನು ನಾನು, ಆದರೆ ಆ ಮುಂಜಾನೆ ನಾನು ಹೆದರಿದ್ದು ನಾಟಕವಾಗಿರಲಿಲ್ಲ. ತಟ್ಟೆ ಹಿಡಿದುಕೊಂಡು ಕೋಣೆಗೆ ವಾಪಸು ಬಂದು, ಒಂದಿಷ್ಟು ಹೊತ್ತು ಬಿಟ್ಟು, ಈಗ ಬಂದವನಂತೆ ಕೆಮ್ಮಿಕೊಂಡು ಮತ್ತೆ ಹೋದೆ.

ಜೈಲರ್ ಸಾಹೇಬರು ಬೈಯಲಿಲ್ಲ. “ಇನ್ ಮ್ಯಾಲ ಡಾಕ್ಟರ್ ಹೇಳಿದ್ರಷ್ಟ ಗೇಟ್. ನಿನ್ನ ಮಾತು ಸಾಕಪಾ,” ಎಂದರು.

ನಾಲ್ಕು ದಿನವೂ ಕಳೆಯಲಿಲ್ಲ, ಕಾಕಾನಿಗೆ ಬೇನೆ ಬಂತು. ಡಾಕ್ಟರ ಫೋನು ಹತ್ತಲಿಲ್ಲ. ಅವರು ಹೇಳದೆ ಇಂಜೆಕ್ಷನ್ ಚುಚ್ಚುವ ಹಾಗಿಲ್ಲ. ಕೊಟ್ಟ ಗುಳಿಗೆ ವಾಂತಿಯಲ್ಲಿ ಹೊರಬಿತ್ತು. ನಾನು ಆಫೀಸಿಗೆ ಓಡಿದೆ. “ಸರ್, ಕಾಕಾಂದು ನಿಮಗೂ ಗೊತ್ತೈತ್ರಿ.”

“ಮೊನ್ನೀದೂ ಖರೇ ಅಂದಿದ್ದೆಲ್ಲಪಾ. ಡಾಕ್ಟರ್ ಹೇಳಲಿ.”

ತಿರುಗಿ ಬಂದಾಗ ಕಾಕಾ ಗೋಡೆಗೆ ಹಣೆ ಹಚ್ಚಿ ನಿಂತಿದ್ದ. “ನಿನ್ನ ಮಾತು ನಡೀವಲ್ದೇನೋ ತಮ್ಮಾ?” ಎಂದ. ಒದ್ದೆ ಬಟ್ಟೆಯಿಂದ ಅವನ ಬೆನ್ನು ಒರೆಸುತ್ತಿದ್ದೆ, ಅಷ್ಟೇ. ಫೋನು ಹತ್ತಿ ಗೇಟು ತೆರೆಯುವಷ್ಟರಲ್ಲಿ ಊಟದ ಹೊತ್ತು ದಾಟಿತ್ತು. ಜೀಪಿನ ತನಕ ಅವನನ್ನು ಎತ್ತಿಕೊಂಡೇ ಹೋಗಬೇಕಾಯಿತು.

ಅವನನ್ನು ಕಳಿಸಿ ಬಂದರೆ ಸಾಲಹಳ್ಳಿ ಅಣ್ಣ ಎಂದಿನಂತೆ ನನ್ನ ಕೋಣೆ ಒರೆಸುತ್ತಿದ್ದ. ಅವನು ಅಷ್ಟು ನಿರಾಳವಾಗಿದ್ದುದೇ ನನಗೆ ಸಹಿಸಲಾಗಲಿಲ್ಲ.

“ಹೇಂತಿನ್ನ ನೋಡಬೇಕಂತ ನನ್ನ ಮುಂದ ಅಂದಿದ್ರ ಆಗ್ತಿದ್ದಿಲ್ಲೇನು? ನನ್ನ ಮಾರಿಗೆ ಮಸಿ ಬಡದಿ, ಹೋಗಲಿ. ಇವತ್ತ ಆ ಮುದುಕನ ಜೀವ ಹೋಗಿ ಬಂತು. ಅವನ ಬ್ಯಾನಿ ನೋಡಿ ನಾಟಕ ಕಲಿಯಾಕ ನಿನಗ ಮನಸರ ಹೆಂಗ ಬಂತು?”

ಅವನು ಒರೆಸುವ ಬಟ್ಟೆಯನ್ನು ಬಕೆಟ್ಟಿಗೆ ಹಿಂಡಿ ಎದ್ದು ನಿಂತ. ದನಿ ಏರಿಸಲಿಲ್ಲ.

“ಕಾಕಾನ್ನ ನೋಡಿ ಕಲ್ತಿಲ್ರಿ ಸಾಹೇಬ್ರ. ಕಾಕಾ ಒದ್ದಾಡೂಮುಂದ ನಾ ನೀರ ಹಿಡಕೊಂಡು ಬಾಜೂಕ ನಿಂತಿರತಿದ್ದೆ. ಕಲ್ತಿದ್ದು ನೀವು ಅದನ್ನ ಮಾಡಿ ನಗಿಸಿದಾಗ.”