ಕಪ್ಪೆಯ ಬೆನ್ನಿನ ಒಂದು ಹನಿ

ಬೆಳಕು ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವ ಹೊತ್ತು. ಪ್ರಯೋಗಾಲಯದ ಹಿಂಬದಿಯ ಕೋಣೆಯಲ್ಲಿ ಮಂಜಿನಂಥ ತುಂತುರು ತೇಲುತ್ತಿದೆ. ಗಾಜಿನ ಪೆಟ್ಟಿಗೆಗಳೊಳಗೆ ಹಸಿರು ಕಪ್ಪೆಗಳು ಎಲೆಗಳಿಗೆ ಅಂಟಿಕೊಂಡಿವೆ. ಅವುಗಳ ಗಂಟಲು ಮಿಡಿದಾಗ ಎಲೆಗಳೇ ಉಸಿರಾಡಿದಂತೆ ಕಾಣುತ್ತದೆ. ನಡುವೆ ಸದ್ದಿಲ್ಲದೆ ಓಡಾಡುವವರು ಈ ಕಪ್ಪೆಗಳನ್ನು ಸಾಕುವವರು. ಇಲ್ಲಿ ಎಲ್ಲರ ಬಾಯಲ್ಲೂ ಅವರು ಕಪ್ಪೆರಾಯರು.

ಒದ್ದೆ ಕೈಗವಸಿನ ಮೇಲೆ ಒಂದು ಕಪ್ಪೆಯನ್ನು ಕೂರಿಸಿಕೊಂಡು ಬೆರಳ ತುದಿಯಿಂದ ಬೆನ್ನು ಸವರುತ್ತಾರೆ. ಸವರುತ್ತಲೇ ಇರುತ್ತಾರೆ. ಕೊನೆಗೆ ಚರ್ಮದಿಂದ ತೆಳು ಹಾಲಿನಂಥ ದ್ರವ ಒಸರುತ್ತದೆ. ಅದನ್ನು ಶುದ್ಧ ನೀರಿನಲ್ಲಿ ಪುಟ್ಟ ಸೀಸೆಗೆ ತೊಳೆದಿಳಿಸಿ ಮಂಜುಗಡ್ಡೆಯಲ್ಲಿ ಹುದುಗಿಸುತ್ತಾರೆ.

"ಅವಸರ ಮಾಡಿದ್ರೆ ಕೊಡಲ್ಲ. ಮುನಿಸ್ಕೊಂಡ ಮಗೂನ ರಮಿಸಿದ ಹಾಗೆ ರಮಿಸ್ಬೇಕು," ಎನ್ನುತ್ತಾರೆ.

ಕಪ್ಪೆಗಳನ್ನು ತಕ್ಕಡಿಗೆ ಹಾಕುವುದೆಂದರೆ ಊರಿಗೆಲ್ಲ ಗಾದೆ, ಇವರಿಗೆ ದಿನಚರಿ. ಎಪ್ಪತ್ತು ಚಿಲ್ಲರೆ ಕಪ್ಪೆಗಳನ್ನು ಒಂದೊಂದಾಗಿ ತೂಗಬೇಕು. ತೂಕ ಇಳಿದ ಕಪ್ಪೆಗೆ ಆ ತಿಂಗಳು ದ್ರವ ಕೊಡುವುದರಿಂದ ಬಿಡುವು. "ನನಗಿಲ್ಲದ ರಜೆ ಅವಕ್ಕಿದೆ ನೋಡಿ."

ಮೊದಲು ಇವರು ಇದೇ ಕಟ್ಟಡದಲ್ಲಿ ನೆಲ ಒರೆಸುತ್ತಿದ್ದರು. ಒಮ್ಮೆ ಕಪ್ಪೆಯೊಂದು ತಪ್ಪಿಸಿಕೊಂಡು ಎಲ್ಲರೂ ಅದರ ಹಿಂದೆ ಓಡಿದಾಗ, ಇವರು ಒದ್ದೆ ಬಟ್ಟೆ ಹಾಸಿ ಸುಮ್ಮನೆ ಪಕ್ಕದಲ್ಲಿ ಕೂತರು. ಕಪ್ಪೆ ತಾನಾಗಿ ಬಂದು ಬಟ್ಟೆ ಹತ್ತಿತು. ಮರುದಿನದಿಂದ ಕೆಲಸ ಬದಲಾಯಿತು.

ಕಪ್ಪೆಯ ಬೆನ್ನಿನ ಆ ದ್ರವದ ಒಂದು ಅಂಶ ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಜೀವಕೋಶಗಳನ್ನು ಕೊಲ್ಲುತ್ತದೆ. ಕಷ್ಟವೆಂದರೆ ಒಳ್ಳೆಯ ಜೀವಕೋಶಗಳನ್ನೂ ಬಿಡುವುದಿಲ್ಲ. ಅದನ್ನು ಪಳಗಿಸಿ ಔಷಧಿ ಮಾಡಲು ಇನ್ನೂ ಎಷ್ಟು ವರ್ಷ ಬೇಕೋ, ಆಗುತ್ತದೋ ಇಲ್ಲವೋ, ವಿಜ್ಞಾನಿಗಳಿಗೂ ಗೊತ್ತಿಲ್ಲ.

ಕಪ್ಪೆರಾಯರ ಮನೆಗೆ ಅಷ್ಟು ಪುರುಸೊತ್ತಿಲ್ಲ. ತಾಯಿ ಸತ್ತ ಮೇಲೆ ಅವರನ್ನು ಎತ್ತಿ ಆಡಿಸಿ ಸಾಕಿದ ಅಕ್ಕನಿಗೇ ಈಗ ಕ್ಯಾನ್ಸರ್. ಆಸ್ಪತ್ರೆಯ ಚಿಕಿತ್ಸೆ ನಡೆದಿದೆ, ರೋಗ ಹಿಡಿತಕ್ಕೆ ಸಿಕ್ಕಿಲ್ಲ. ಮನೆಯ ಕಿಟಕಿ ಪಕ್ಕದ ಮಂಚದಿಂದ ಅಕ್ಕನದು ದಿನಾ ಒಂದೇ ರಾಗ.

"ಒಂದೇ ಒಂದು ಹನಿ ತಂದ್ಕೊಡೋ."

"ಅದು ವಿಷ ಕಣಕ್ಕ. ಗವಸು ಹರಿದಿದ್ದು ಗೊತ್ತಾಗ್ದೆ ಕಣ್ಣುಜ್ಜಿಕೊಂಡು, ನನ್ನ ಕಣ್ಣು ಬನ್ನಿನ ಹಾಗೆ ಊದಿದ್ದು ಮರೆತ್ಯಾ?"

"ಊದಿತಲ್ಲ, ಅಂದ್ರೆ ಕಸುವಿದೆ ಅಂತಾಯ್ತು."

"ನಿನ್ನ ಹತ್ರ ವಾದ ಮಾಡಿದ್ರೆ ವಕೀಲನೂ ಕೋಟು ಬಿಚ್ಚಿಡ್ತಾನೆ!"

ಕಪ್ಪೆರಾಯರು ನಗುತ್ತಾರೆ. ಆದರೆ ಕಳೆದ ವಾರ ಒಂದು ಬೆಳಗ್ಗೆ ಆ ನಗು ನೆರವಿಗೆ ಬರಲಿಲ್ಲ. ರಾತ್ರಿಯಿಡೀ ಅಕ್ಕ ನರಳಿದ್ದರು. ಪ್ರಯೋಗಾಲಯದಲ್ಲಿ ಕಪ್ಪೆರಾಯರು ತುಂಬಿದ ಸೀಸೆಯೊಂದನ್ನು ಮಂಜುಗಡ್ಡೆಯಲ್ಲಿ ಇಡುವ ಬದಲು ಅಂಗಿಯ ಜೇಬಿಗೆ ಇಳಿಸಿದರು.

"ಬಾಗಿಲ ತನಕ ಹೋದೆ," ಎನ್ನುವಾಗ ದನಿ ತಗ್ಗುತ್ತದೆ. "ಎದೆಗೆ ತಣ್ಣಗೆ ತಾಗ್ತಿತ್ತು. ಅಕ್ಕ ಕೈತುತ್ತು ಕೊಟ್ಟು ಬೆಳೆಸಿದ ಮೈ ಇದು. ಇದೇ ಕೈಯಿಂದ ಅವಳ ಬಾಯಿಗೆ ವಿಷ ಹಾಕೋದಾ ಅನ್ನಿಸ್ತು. ವಾಪಸ್ ಬಂದು ಇಟ್ಬಿಟ್ಟೆ."

ಅಂದು ಸಂಜೆ ಅಕ್ಕನಿಗೆ ಅದನ್ನೂ ಹೇಳಿದರು. ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿ ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ "ಗಂಜಿಗೆ ಉಪ್ಪು ಸಾಲ್ದು" ಎಂದು ಬೈದರು. ಕಪ್ಪೆರಾಯರ ಜೀವ ಮರಳಿ ಬಂತು.

ಮನೆಯಲ್ಲಿ ಅಕ್ಕನ ಎದುರು ನಿಮ್ಮ ಆಸೆ ಏನು ಎಂದು ಕೇಳಿದರೆ ಅವರು ನಾಚಿಕೊಳ್ಳುತ್ತಾರೆ. "ಔಷಧಿ ಆಗ್ಲಿ. ಯಾರ ಮನೆ ಅಕ್ಕನಿಗಾದ್ರೂ ಸಿಗಲಿ, ಅಷ್ಟೇ ಸಾಕು."

"ಓಹೋ, ದೊಡ್ಡ ಧರ್ಮರಾಯ!" ಮಂಚದಿಂದ ದನಿ ಬರುತ್ತದೆ. "ನಮ್ಮಕ್ಕನಿಗೆ ಸಿಗಲಿ ಅನ್ನೋಕೆ ಬಾಯಿ ಬರಲ್ವೇನೋ?"

ಕಪ್ಪೆರಾಯರು ಎದ್ದು ಹೋಗಿ ಅಕ್ಕನ ಹೊದಿಕೆ ಸರಿಮಾಡುತ್ತಾರೆ.

"ಸರಿ. ನಮ್ಮಕ್ಕನಿಗೇ ಸಿಗಲಿ. ಮೊದಲು ಅವಳಿಗೆ."