ಆಸ್ಯಮ್ಮನ ಗೇಣು, ಉರ್ಸುಲಾ ಬಾಯಿಯ ಬೈಸಿಕಲ್ಲು

ಬೆಳಗಿನ ಬಾಂಗು ಮುಗಿದು ಸ್ವಲ್ಪ ಹೊತ್ತಷ್ಟೇ ಆಗಿದೆ. ಕಂಕನಾಡಿಯಲ್ಲಿ ಇನ್ನೂ ಒಂದು ಅಂಗಡಿಯ ಹಲಗೆಯೂ ಸರಿದಿಲ್ಲ. ಕಬೀರ್ ಬ್ಯಾರಿಯವರು ಮಾತ್ರ ಮನೆಯ ಜಗಲಿಯಲ್ಲಿ ಕೂತು, ನಿನ್ನೆಯಷ್ಟೇ ಬಣ್ಣ ಒಣಗಿದ ಹೊಸ ಬೈಸಿಕಲ್ಲಿನ ಸೀಟಿನ ಕೆಳಗೆ ಗರಗಸ ಹಾಕಿದ್ದಾರೆ. ತಾನೇ ಕಟ್ಟಿದ್ದನ್ನು ತಾನೇ ಕೊಯ್ಯಬೇಕಾದವನ ಮುಖ ಹೇಗಿರಬೇಕೋ ಹಾಗೇ ಇದೆ.

ಇಂಗ್ಲೆಂಡಿನಿಂದ ಹಡಗಿನಲ್ಲಿ ಬರುವ ಬೈಸಿಕಲ್ಲುಗಳೆಲ್ಲ ಆರಡಿ ದೊರೆಗಳ ಕಾಲಿಗೆ ಹುಟ್ಟಿದವು. ಅವುಗಳನ್ನು ಕೊಯ್ದು, ಹಿತ್ತಾಳೆ ಬೆಸುಗೆ ಹಾಕಿ, ಮಂಗಳೂರಿನವರ ಕಾಲಿಗೆ ಹೊಂದಿಸಿಕೊಡುವುದು ಕಬೀರರ ಕಸುಬು. ಅದಕ್ಕೆ ಮುಂಚೆ ಹದಿನಾಲ್ಕು ವರ್ಷ ಎತ್ತಿನಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹೊಡೆದವರು. ಬೆರಳುಗಳಲ್ಲಿ ಸುಟ್ಟ ಕಲೆಯಿಲ್ಲದ ಜಾಗವಿಲ್ಲ. ದಿನಕ್ಕೆ ಏಳೆಂಟು ಪಂಕ್ಚರ್, ತಿಂಗಳಿಗೆ ಎರಡೋ ಮೂರೋ ಅಳತೆಯ ಬೈಸಿಕಲ್ಲು. ಬಲ್ಮಠದ ಅರ್ಧಕ್ಕರ್ಧ ಮೇಷ್ಟ್ರುಗಳು ಇವರು ಕೂರಿಸಿದ ಸೀಟಿನ ಮೇಲೆಯೇ ಶಾಲೆಗೆ ಹೋಗುತ್ತಾರೆ. ಇವರ ಹೆಸರು ಕೇಳಿದರೆ ತಲೆ ಕೆರೆದುಕೊಳ್ಳುತ್ತಾರೆ.

"ಕೂತಲ್ಲಿ ನೋವಾದ್ರೆ ನನ್ನ ಹೆಸರು ನೆನಪಾಗ್ತದೆ. ಆಗದಿದ್ರೆ ಇಲ್ಲ. ಗೊತ್ತಿಲ್ಲದ್ದೇ ಒಳ್ಳೇದು ಮಾರಾಯ್ರೆ," ಎನ್ನುತ್ತಾರೆ ಕಬೀರ್.

ಈ ಸಲದ ಗಿರಾಕಿ ಸೂಲಗಿತ್ತಿ ಉರ್ಸುಲಾ ಬಾಯಿ. ಗಿಡ್ಡ ದೇಹ, ಗಟ್ಟಿ ಗಂಟಲು. ಎರಡು ವರ್ಷದ ಹಿಂದೆ ಅವರು ಐದು ಮೈಲು ನಡೆದು ವಾಮಂಜೂರು ಮುಟ್ಟುವಷ್ಟರಲ್ಲಿ ಅಲ್ಲಿನ ಹೇಮಾಕ್ಷಿ ಎಂಬವಳ ಚೊಚ್ಚಲ ಮಗು ಹುಟ್ಟಿಯಾಗಿತ್ತು. ರಕ್ತ ಹೋಗಿ ತಾಯಿ ಬದುಕಿದ್ದೇ ಹೆಚ್ಚು. ಈಗ ಹೇಮಾಕ್ಷಿಗೆ ಮತ್ತೆ ದಿನ ತುಂಬಿದೆ. ಈ ಸಲ ತಡವಾಗಬಾರದೆಂದೇ ಉರ್ಸುಲಾ ಸವಾರಿ ಕಲಿತು, ಜೀವಮಾನದ ಮೊದಲ ಬೈಸಿಕಲ್ಲು ಮಾಡಿಸಿದ್ದಾರೆ.

ಆದರೆ ಹೆಂಗಸಿನ ಕಾಲು ಅಳೆಯುವುದೆಂದರೆ ಕಬೀರರಿಗೆ ಬೆವರು. ಅಳತೆಯ ದಿನ ಹೆಂಡತಿ ಆಸ್ಯಮ್ಮನನ್ನು ಉರ್ಸುಲಾರ ಜೊತೆ ಒಳಕೋಣೆಗೆ ಕಳಿಸಿ, ತಾವು ಹೊರಗೆ ಗೋಡೆಗೆ ಮುಖ ಮಾಡಿ ನಿಂತರು. "ಮೂರೂವರೆ ಗೇಣು!" ಎಂದು ಒಳಗಿನಿಂದ ಕೂಗು ಬಂತು. ಕಬೀರ್ ತಮ್ಮ ಕೈಯಲ್ಲಿ ಮೂರೂವರೆ ಗೇಣು ಲೆಕ್ಕ ಹಾಕಿ ಕಟ್ಟಿದರು.

ನಿನ್ನೆ ಸಂಜೆ ಉರ್ಸುಲಾ ಹತ್ತಿ ಕೂತರೆ ಎರಡೂ ಕಾಲು ಗಾಳಿಯಲ್ಲಿ.

"ಇದೆಂತ ಸಾಯ್ಬರೇ, ನಾನು ಹೆರಿಗೆ ಮಾಡಿಸ್ಲಿಕ್ಕೆ ಹೋಗುವುದಾ, ಮಾವಿನಕಾಯಿ ಕೊಯ್ಲಿಕ್ಕಾ?"

ಕಬೀರ್ ಹೆಂಡತಿಯತ್ತ ತಿರುಗಿದರು. ಆಸ್ಯಮ್ಮ ಬಿಡಲಿಲ್ಲ. "ನಾನು ಅಳೆದದ್ದು ನನ್ನ ಕೈಯಲ್ಲಿ. ಮತ್ತೆ ನಿಮ್ಮ ಕೈ ಬಿಚ್ಚಿ ಒಳಗೆ ಕೊಂಡುಹೋಗ್ಬೇಕಿತ್ತಾ?"

ಮದುವೆಯಾಗಿ ಇಪ್ಪತ್ತೆರಡು ವರ್ಷಕ್ಕೆ ಗಂಡ ಹೆಂಡತಿ ಮೊದಲ ಸಲ ಅಂಗೈಗೆ ಅಂಗೈ ಹಚ್ಚಿ ನೋಡಿದರು, ಅದೂ ಬೈಸಿಕಲ್ಲಿನ ದೆಸೆಯಿಂದ. ಗೇಣಿಗೆ ಎರಡಿಂಚು ವ್ಯತ್ಯಾಸ. ಈ ಬೆಳಗಿನ ಗರಗಸ ಅದಕ್ಕೇ.

ಬೆಸುಗೆ ಇನ್ನೂ ಬಿಸಿಯಿರುವಾಗಲೇ ಹೇಮಾಕ್ಷಿಯ ಗಂಡ ದುಗ್ಗಪ್ಪ ಏದುಸಿರು ಬಿಡುತ್ತಾ ಬಂದು ನಿಲ್ಲುತ್ತಾನೆ, ಹಿಂದೆಯೇ ಚೀಲ ಹಿಡಿದ ಉರ್ಸುಲಾ. "ನೋವು ಸುರುವಾಗಿದೆ!" ಎನ್ನುತ್ತಾನೆ. ಕಬೀರ್ ಬೆಸುಗೆಗೆ ನೀರು ಸುರಿದು ಸೀಟು ಕೂರಿಸುತ್ತಾರೆ. ಕೊಯ್ದದ್ದು ಹೆಚ್ಚಾಗಿದ್ದರೆ ಮತ್ತೆ ಜೋಡಿಸಲು ಹೊತ್ತಿಲ್ಲ. ಆಸ್ಯಮ್ಮ ಸೀಟಿನಿಂದ ಪೆಡಲಿನವರೆಗೆ ತನ್ನ ಗೇಣು ಹಾಕಿ ನೋಡುತ್ತಾಳೆ.

"ಸರಿ ಉಂಟು. ಹೊರಡಿ ಬಾಯಮ್ಮ."

ಬಣ್ಣ ಸುಟ್ಟ ಬೈಸಿಕಲ್ಲು ಗಂಟೆ ಬಾರಿಸುತ್ತಾ ಹೊರಡುತ್ತದೆ. ಅಂದು ಕಬೀರ್ ಒಂದು ಪಂಕ್ಚರನ್ನು ಎರಡು ಸಲ ಹಾಕುತ್ತಾರೆ. ಚಹಾ ಆರಿ ತಣ್ಣಗಾಗುತ್ತದೆ.

ಮಧ್ಯಾಹ್ನ ಉರ್ಸುಲಾ ಬಂದಿಳಿಯುತ್ತಾರೆ. "ನಾನು ಮುಟ್ಟಿ, ಕೈ ತೊಳೆದು, ಅರ್ಧ ಗಂಟೆ ಕಳೆದ ಮೇಲೆಯೇ ಹುಟ್ಟಿದ್ದು. ತಾಯಿ ಮಗು ಚಂದ ಇದ್ದಾರೆ."

ಗಂಡೋ ಹೆಣ್ಣೋ ಎಂದು ಕಬೀರ್ ಕೇಳುವುದಿಲ್ಲ.

"ಕಾಲು ಎಟಕಿತಾ ಬಾಯಮ್ಮ?"

"ಎಟಕದೆ ಹೊತ್ತಿಗೆ ಸರಿಯಾಗಿ ಮುಟ್ಟಿದ್ದು ಹೇಗೆ ಸಾಯ್ಬರೇ?"

ಕಬೀರ್ ತಿರುಗಿ, ಒಳಗಿರುವ ಹೆಂಡತಿಗೆ ಕೇಳಿಸುವಂತೆ ಕೂಗುತ್ತಾರೆ: "ಕೇಳ್ತಾ? ನಿನ್ನ ಗೇಣು ವಾಮಂಜೂರು ಮುಟ್ಟಿತು!"